ತರಬೇತಿಯ ಸೆಸ್ನಾ ವಿಮಾನ ಧೊಪ್ಪನೆ ಕೂತರೆ ಏನು ಮಾಡಬೇಕು, ಎಲ್ಲೆಲ್ಲಿ ನೋಡಬೇಕು

ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯ ರನ್‌ವೇ 3,200 ಮೀಟರ್ ಉದ್ದ, 45 ಮೀಟರ್ ಅಗಲ. ಕಿರಿದಾದ ರನ್‌ವೇಯಲ್ಲಿ ಕಲಿಯುತ್ತಿರುವ ನಮ್ಮ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಹುಡುಗರು ‘ಸರ್, ಕ್ರಾಸ್‌ಕಂಟ್ರಿಗೆ (ಬೇರೆ ನಿಲ್ದಾಣಕ್ಕೆ ಹಾರಿ ಬರುವ ತರಬೇತಿ) ಊರಿಗೇ ಹೋಗೋಣ’ ಅಂದಾಗ ನಾನು ಎಚ್ಚರಿಸುವುದು ಆ ಅಗಲದ ಬಗ್ಗೆ. ಅಗಲ ರನ್‌ವೇ ಕಂಡರೆ ನೆಲ ಹತ್ತಿರವೇ ಬಂತು ಅನ್ನಿಸುತ್ತದೆ. ಮೂಗು ಬೇಗ ಎತ್ತುತ್ತೀರಿ, ವೇಗ ಕರಗುತ್ತದೆ, ವಿಮಾನ ಆಳೆತ್ತರದಿಂದ ಧೊಪ್ಪನೆ ಬೀಳುತ್ತದೆ. ಮಳೆಗಾಲದಲ್ಲಿ ಅಂದಾಜು ಇನ್ನೂ ಕೆಡುತ್ತದೆ. ಫ್ಲೇರ್ ಮಾಡುವಾಗ, ಅಂದರೆ ಇಳಿಯುವ ಕೊನೆಯಲ್ಲಿ ಮೂಗು ಎತ್ತುವಾಗ, ಮೂಗಿನ ಬುಡದ ನೆಲ ನೋಡಬೇಡಿ, ರನ್‌ವೇಯ ಆ ತುದಿ ನೋಡಿ.

ಸೆಸ್ನಾ 172ರ ಹಿಂದಿನ ಕಾಲುಗಳು ಸ್ಪ್ರಿಂಗ್ ಉಕ್ಕು. ಬಾಗಿ ಏಟು ತಡೆಯುತ್ತವೆ, ಹಾಗೇ ವಿಮಾನವನ್ನು ಮೇಲಕ್ಕೂ ಚಿಮ್ಮಿಸುತ್ತವೆ. ಮೂಗಿನ ಕಾಲಿಗೆ ಅಷ್ಟು ತಾಳಿಕೆಯಿಲ್ಲ, ಅದು ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್‌ಗೆ ಕಚ್ಚಿಕೊಂಡಿದೆ. ಪುಟಿದ ಗಾಬರಿಗೆ ಯೋಕ್ (ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಮುಂದೆ ತಳ್ಳಿದಿರೋ, ಮೊದಲು ನೆಲಕ್ಕೆ ಬಡಿಯುವುದು ಅದೇ. ನಾನು ನೋಡಿದ ಮಟ್ಟಿಗೆ ಮೂಗಿನ ಕಾಲು ಹಾಳಾಗುವುದು ಮೊದಲ ಏಟಿಗಲ್ಲ, ಎರಡನೆಯದಕ್ಕೋ ಮೂರನೆಯದಕ್ಕೋ. ಸಣ್ಣಗೆ ಪುಟಿದರೆ ಮೂಗು ಹಾಗೇ ಹಿಡಿದು, ಚೂರು ಪವರ್ ಕೊಟ್ಟು ಮತ್ತೆ ಕೂರಿಸಿ. ಜೋರಾಗಿದ್ದರೆ ಯೋಚನೆಯೇ ಬೇಡ: ಪೂರ್ತಿ ಪವರ್, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ 20 ಡಿಗ್ರಿಗೆ, ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಏರಿ ಒಂದು ಸುತ್ತು ಬನ್ನಿ. ಪೆಟ್ಟಾಗಿರುವ ಅನುಮಾನವಿದ್ದರೆ ಟವರ್‌ಗೆ ಹೇಳಿ, ಮುಂದಿನ ಸಲ ಮೂಗಿನ ಚಕ್ರವನ್ನು ಆದಷ್ಟು ಹೊತ್ತು ನೆಲಕ್ಕೆ ಬಿಡಬೇಡಿ.

ನಿಂತ ಮೇಲೆ ‘ಇನ್ನೊಂದು ಸರ್ಕಿಟ್ (ಏರಿ, ಸುತ್ತಿ, ಇಳಿಯುವ ಅಭ್ಯಾಸ) ಬಾಕಿ ಇದೆ’ ಅಂತ ಮತ್ತೆ ಏರುವ ಹಾಗಿಲ್ಲ. ಎಂಜಿನ್ ನಿಲ್ಲಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ಟಾರ್ಚ್ ಹಿಡಿದು ಬಗ್ಗಿ. ಮೂಗಿನ ಕಾಲಿನ ಹಿಂದೆ, ಹೊಟ್ಟೆಯ ತಗಡು ಒಣಗಿದ ಅಡಿಕೆ ಹಾಳೆಯಂತೆ ಸುಕ್ಕುಗಟ್ಟಿದ್ದರೆ ಫೈರ್‌ವಾಲ್ ಬಾಗಿರುವ ಸಾಧ್ಯತೆ ಹೆಚ್ಚು. ತಗಡು ಜೋಡಿಸುವ ರಿವೆಟ್ ಸುತ್ತ ಕಪ್ಪು ಮಸಿ ಇದ್ದರೆ ಅದು ಸಡಿಲವಾಗಿ ಉಜ್ಜುತ್ತಿದೆ. ಮೂಗಿನ ಕಾಲಿನ ಏಟು ತಡೆಯುವ ಕೊಳವೆ, ಸ್ಟ್ರಟ್‌ನ ಹೊಳೆಯುವ ಭಾಗ ಹಾರುವ ಮುಂಚೆಗಿಂತ ಗಿಡ್ಡವಾಗಿದೆಯೇ, ಕೆಂಪು ಎಣ್ಣೆ ಸೋರಿದೆಯೇ ನೋಡಿ. ಟೈರ್, ಬ್ರೇಕ್ ಪೈಪು ಒಂದು ಕಣ್ಣು ಹಾಯಿಸಿದರೆ ಸಾಕು. ಪ್ರೊಪೆಲ್ಲರ್ ತುದಿಗಳನ್ನು ಮಾತ್ರ ಹತ್ತಿರದಿಂದ ನೋಡಿ: ಡಾಂಬರಿಗೆ ತಗುಲಿದ ಗುರುತಿದ್ದರೆ ಎಂಜಿನ್ನನ್ನೂ ಬಿಚ್ಚಿ ನೋಡಬೇಕಾಗುತ್ತದೆ.

ಏನೂ ಕಾಣದಿದ್ದರೂ ವಿಮಾನದ ದೋಷ ದಾಖಲಿಸುವ ಪುಸ್ತಕ ಟೆಕ್ ಲಾಗ್‌ನಲ್ಲಿ ಬರೆಯಿರಿ. ‘ಏನಾಗಿಲ್ಲ ಬಿಡು ಮಾರಾಯ’ ಅನ್ನುವ ಸೀನಿಯರ್‌ಗಳು ಎಲ್ಲಾ ಕಡೆ ಇರುತ್ತಾರೆ, ಆಮೇಲೆ ಹಾರುವವರು ಅವರಲ್ಲ. ‘ಹಾರ್ಡ್ ಲ್ಯಾಂಡಿಂಗ್’ ಅಂತಷ್ಟೇ ಗೀಚಬೇಡಿ. ಯಾವ ಚಕ್ರ ಮೊದಲು ತಾಗಿತು, ಎಷ್ಟು ಸಲ ಪುಟಿಯಿತು, ಅಡ್ಡಗಾಳಿ ಇತ್ತೇ, ಟ್ಯಾಂಕಿನಲ್ಲಿ ಎಷ್ಟು ಇಂಧನ ಇತ್ತು, ಇವಿಷ್ಟು ಇದ್ದರೆ ಎಂಜಿನಿಯರ್‌ಗೆ ಯಾವ ಕಡೆಯಿಂದ ಬಿಚ್ಚಬೇಕು ಎಂದು ತಿಳಿಯುತ್ತದೆ.