ನಕ್ಷೆಯ ಕಡತದಿಂದ ಕನ್ನಡದ ಹೆಸರು ತೆಗೆಯುವುದು ಹೇಗೆ?

ಸ್ವಯಂಸೇವಕರು ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಎಕ್ಸ್‌ಎಂಎಲ್ (ಮಾಹಿತಿಯನ್ನು ಅಂಶಗಳಾಗಿ ಬರೆದಿಡುವ ಪಠ್ಯರೂಪ) ಕಡತದಲ್ಲಿ ಮಾಹಿತಿಯೆಲ್ಲ ಇರುವುದು ಆಟ್ರಿಬ್ಯೂಟ್‌ಗಳಲ್ಲೇ, ಅಂದರೆ ಅಂಶಗಳಿಗೆ ಅಂಟಿಸಿದ ಹೆಸರು-ಮೌಲ್ಯದ ಜೋಡಿಗಳಲ್ಲಿ. ಬಸ್ ನಿಲ್ದಾಣವೊಂದು ಅಲ್ಲಿ ಸಾಮಾನ್ಯವಾಗಿ ಒಂದು ‘ನೋಡ್’, ಅಂದರೆ ಬಿಂದು. ಅದರ ‘ಲ್ಯಾಟ್’ ಅಕ್ಷಾಂಶ, ‘ಲಾನ್’ ರೇಖಾಂಶ. ಒಳಗಿನ ‘ಟ್ಯಾಗ್’ಗಳಲ್ಲಿ ‘ಕೆ’ ಎಂಬುದು ವಿವರದ ಹೆಸರು, ‘ವಿ’ ಅದರ ಮೌಲ್ಯ. ‘ಕೆ’ಯಲ್ಲಿ ‘ನೇಮ್:ಕೆಎನ್’ ಎಂದಿದ್ದರೆ ‘ವಿ’ಯಲ್ಲಿ ಕನ್ನಡ ಹೆಸರಿದೆ ಎಂದರ್ಥ. ಯಾರೋ ಸ್ವಯಂಸೇವಕರು ಕುಳಿತು ಬರೆದಿಟ್ಟ ಆ ಹೆಸರು ಮೊಬೈಲ್ ಪರದೆಗೆ ಬರಲೇಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲು ‘ಫೆಚ್’ ಮೂಲಕ ಕಡತ ತರಿಸಿ, ಪಠ್ಯವಾಗಿ ಓದಿಕೊಳ್ಳಿ. ಆ ಪಠ್ಯವನ್ನು, ಅದನ್ನು ಬಿಡಿಸಿ ದಾಖಲೆಯಾಗಿಸುವ ‘ಡಾಮ್‌ಪಾರ್ಸರ್’ನ ‘ಪಾರ್ಸ್‌ಫ್ರಮ್‌ಸ್ಟ್ರಿಂಗ್’ಗೆ ಕೊಡಿ; ಬಗೆ ‘ಅಪ್ಲಿಕೇಶನ್/ಎಕ್ಸ್‌ಎಂಎಲ್’ ಎಂದು ತಿಳಿಸಿ. ಕಡತ ಕೆಟ್ಟಿದ್ದರೂ ಪಾರ್ಸರ್ ದೋಷ ತೋರಿಸಿ ನಿಲ್ಲುವುದಿಲ್ಲ, ‘ಪಾರ್ಸರ್‌ಎರರ್’ ಎಂಬ ಅಂಶವಿರುವ ದಾಖಲೆಯನ್ನು ಸುಮ್ಮನೆ ಮರಳಿಸುತ್ತದೆ. ಆದ್ದರಿಂದ ಆ ಅಂಶ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಬಳಿಕ ‘ಗೆಟ್‌ಎಲಿಮೆಂಟ್ಸ್‌ಬೈಟ್ಯಾಗ್‌ನೇಮ್’ನಿಂದ ನೋಡ್‌ಗಳನ್ನು ಹಿಡಿದು, ‘ಲ್ಯಾಟ್’, ‘ಲಾನ್’ ಓದಲು ಒಂದೊಂದರ ಮೇಲೂ ‘ಗೆಟ್‌ಆಟ್ರಿಬ್ಯೂಟ್’ ಕರೆಯಿರಿ. ಎಕ್ಸ್‌ಎಂಎಲ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ಕಡತದಲ್ಲಿರುವಂತೆಯೇ ಬರೆಯಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಕೈಗೆ ಬರುವ ‘12.3’ ಅಂಕೆಯಂತೆ ಕಂಡರೂ ಅದು ಪಠ್ಯ. ಅದಕ್ಕೆ 1 ಕೂಡಿಸಿದರೆ 13.3 ಆಗುವುದಿಲ್ಲ, ‘12.31’ ಆಗುತ್ತದೆ. ಹಾಗೆಂದು ಎಲ್ಲವನ್ನೂ ನೇರವಾಗಿ, ಪಠ್ಯವನ್ನು ಅಂಕೆಯಾಗಿಸುವ ‘ನಂಬರ್’ಗೆ ಒಪ್ಪಿಸುವುದೂ ಅಪಾಯ. ಕೇಳಿದ ಆಟ್ರಿಬ್ಯೂಟ್ ಇಲ್ಲದಿದ್ದರೆ ಸಿಗುವುದು ‘ನಲ್’, ಅಂದರೆ ‘ಏನೂ ಇಲ್ಲ’ ಎಂಬ ಮೌಲ್ಯ. ‘ನಂಬರ್’ ಅದನ್ನು 0 ಮಾಡುತ್ತದೆ. ಅಕ್ಷಾಂಶ 0, ರೇಖಾಂಶ 0 ಎಂದರೆ ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿ. ಮೈಸೂರಿನ ನಿಲ್ದಾಣ ನಡುಗಡಲಿನಲ್ಲಿ ನಿಂತಿದ್ದರೂ ಎಲ್ಲಿಯೂ ದೋಷದ ಸಂದೇಶ ಕಾಣುವುದಿಲ್ಲ! ಮೊದಲು ‘ನಲ್’ ಅಲ್ಲವೆಂದು ಖಚಿತಪಡಿಸಿಕೊಳ್ಳಿ, ಆಮೇಲೆ ಅಂಕೆಯಾಗಿಸಿ.

ಕನ್ನಡ ಹೆಸರಿಗೆ ನೋಡ್‌ನ ಮೇಲೆ, ಒಳಗಿನ ಅಂಶ ಹುಡುಕಿಕೊಡುವ ‘ಕ್ವೆರಿಸೆಲೆಕ್ಟರ್’ ಬಳಸಿ. ‘ಟ್ಯಾಗ್’ ಎಂದು ಬರೆದು, ಚೌಕ ಆವರಣದಲ್ಲಿ ‘ಕೆ’ಯ ಮೌಲ್ಯ ‘ನೇಮ್:ಕೆಎನ್’ ಎಂದು ಸೂಚಿಸಿ. ನಡುವೆ ಕೋಲನ್ ಇರುವುದರಿಂದ ಈ ಮೌಲ್ಯಕ್ಕೆ ಉದ್ಧರಣ ಚಿಹ್ನೆ ಕಡ್ಡಾಯ. ಟ್ಯಾಗ್ ಸಿಕ್ಕರೆ ಅದರ ‘ವಿ’ ಓದಿ. ಸಿಗದಿದ್ದರೆ ‘ನೇಮ್’ ಟ್ಯಾಗ್ ಹುಡುಕಿ. ಬಹಳಷ್ಟು ಆ್ಯಪ್‌ಗಳು ನೇರವಾಗಿ ‘ನೇಮ್’ಗೇ ಹೋಗುತ್ತವೆ, ಕನ್ನಡ ಕಡತದಲ್ಲೇ ಉಳಿಯುತ್ತದೆ. ಈ ಒಂದು ಸಾಲು ಹೆಚ್ಚು ಬರೆಯಲು ದಯವಿಟ್ಟು ಬೇಸರಿಸಬೇಡಿ.

ಸಿಕ್ಕ ಹೆಸರನ್ನು ಪುಟಕ್ಕೆ ಹಾಕುವಾಗ ಅದನ್ನು ಪುಟದ ಕೋಡ್ ಎಂದೇ ಓದುವ ‘ಇನ್ನರ್‌ಎಚ್‌ಟಿಎಂಎಲ್’ ಬೇಡ, ಬರೀ ಪಠ್ಯವೆಂದು ಹಾಕುವ ‘ಟೆಕ್ಸ್ಟ್‌ಕಂಟೆಂಟ್’ ಇರಲಿ. ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಹೆಸರಿನ ಜಾಗದಲ್ಲಿ ಯಾರಾದರೂ ಕೋಡ್ ತುರುಕಿದ್ದರೂ ಆಗ ಅದು ಬರೀ ಅಕ್ಷರಗಳಾಗಿ ಕಾಣುತ್ತದೆ, ಓಡುವುದಿಲ್ಲ.