ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಯಕನಹಟ್ಟಿ ಕಡೆಯ ರಸ್ತೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕು. ಒಂದರಿಂದ ಏಳನೇ ತರಗತಿಯವರೆಗೆ 2024–25ರ ಸಾಲಿನಲ್ಲಿ 94 ಮಕ್ಕಳಿದ್ದರು. ನಾನು ಇಲ್ಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ವರ್ಷದ ಕೊನೆ ಅಂದರೆ ಇಷ್ಟೇ ಆಗಿತ್ತು: ಏಪ್ರಿಲ್ ಎರಡನೇ ವಾರ ‘ಸಮುದಾಯದತ್ತ ಶಾಲೆ’ ದಿನ ಪೋಷಕರನ್ನು ಕರೆಸುವುದು, ಪ್ರಗತಿ ಪತ್ರ ಕೈಗೆ ಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವುದು, ತರಗತಿಗೆ ಮೂವರಂತೆ ಇಪ್ಪತ್ತೊಂದು ಮಕ್ಕಳಿಗೆ ಸ್ಟೀಲ್ ತಟ್ಟೆ ಬಹುಮಾನ ಕೊಡುವುದು. ಉಳಿದ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು.

ಅಂಥದ್ದೇ ಒಂದು ಏಪ್ರಿಲ್‌ನಲ್ಲಿ ನಾಲ್ಕನೇ ತರಗತಿಯ ಹುಡುಗಿಯ ಅಪ್ಪ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: ‘ನಮ್ ಹುಡ್ಗಿ ಈ ವರ್ಷ ಏನ್ ಕಲ್ತೈತೆ ಮೇಡಮ್ನೋರೆ?’ ನಾನು ಕಾರ್ಡ್ ನೋಡಿ ‘ಬಿ ಪ್ಲಸ್ ಬಂದಿದೆ’ ಅಂದೆ. ‘ಅದು ಸರಿ, ಏನ್ ಕಲ್ತೈತೆ?’ ಅಂತ ಮತ್ತೆ ಕೇಳಿದರು. ಕುರಿ ಮೇಯಿಸುವ ಮನುಷ್ಯ, ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು. ತಿಂಗಳುಗಟ್ಟಲೆ ಆ ಮಗು ನನ್ನ ಕಣ್ಣೆದುರೇ ಕೂತಿದೆ, ಆದರೂ ಅದರ ಬಗ್ಗೆ ಅಪ್ಪನಿಗೆ ಹೇಳಲು ನನ್ನ ಹತ್ತಿರ ಒಂದೇ ಒಂದು ನಿಜವಾದ ವಾಕ್ಯ ಇರಲಿಲ್ಲ. ‘ಚೆನ್ನಾಗಿ ಓದ್ತಾಳೆ’ ಅಂದು ಕಳಿಸಿದೆ. ಆ ಮಾತು ಬಹಳ ದಿನ ನನ್ನನ್ನು ಕುಟುಕುತ್ತಿತ್ತು.

ಮುಂದಿನ ಜೂನ್‌ನಲ್ಲಿ, ಅಂದರೆ 2022ರಲ್ಲಿ, ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದು ಹಾಜರಿ ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡೆ. ಮಗುವಿಗೆ ಒಂದು ಪುಟ. ಏನಾದರೂ ನಡೆದರೆ ತಾರೀಕು ಹಾಕಿ ಒಂದು ಸಾಲು ಬರೆಯುವುದು, ಕಂಡವರು ಯಾರು ಅಂತ ಪಕ್ಕದಲ್ಲಿ ಗುರುತು ಹಾಕುವುದು. ವರ್ಷದ ಕೊನೆಗೆ ಇದರಿಂದಲೇ ಒಂದು ಸುದ್ದಿ ಪತ್ರಿಕೆ ಮಾಡಬೇಕು, ಪ್ರತಿ ಮಗುವಿನ ಒಂದು ಸುದ್ದಿಯಾದರೂ ಅದರಲ್ಲಿ ಇರಬೇಕು, ಅದನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಬೇಕು. ಇದು ನನ್ನ ಆಸೆ.

ಮೊದಲ ತಿಂಗಳು ಬರೆದದ್ದು ಒಂದೂ ಕೆಲಸಕ್ಕೆ ಬರಲಿಲ್ಲ. ‘ಚುರುಕು’, ‘ವಿಧೇಯ’, ‘ಶಿಸ್ತಿನ ಹುಡುಗಿ’ ಅಂತ ಬರೆದುಕೊಂಡು ಹೋಗಿದ್ದೆ. ತಿರುಗಿಸಿ ನೋಡಿದರೆ ಹನ್ನೊಂದು ಮಕ್ಕಳ ಪುಟದಲ್ಲಿ ಒಂದೇ ಪದ. ಹೆಸರು ಮುಚ್ಚಿಟ್ಟರೆ ಯಾರ ಪುಟ ಯಾರದು ಅಂತ ನನಗೇ ತಿಳಿಯುತ್ತಿರಲಿಲ್ಲ. ಆಮೇಲೆ ಗುಣ ಬರೆಯುವುದನ್ನೇ ಬಿಟ್ಟೆ, ನಡೆದದ್ದನ್ನು ಮಾತ್ರ ಬರೆದೆ. ‘ಇಪ್ಪತ್ತಮೂರಕ್ಕೆ ಒಂಬತ್ತು ಕೂಡಿಸುವಾಗ ಬೆರಳು ಎಣಿಸಲಿಲ್ಲ, ಹತ್ತು ಕೂಡಿಸಿ ಒಂದು ಕಳೆದ. ಯಾರೂ ಹೇಳಿಕೊಟ್ಟಿರಲಿಲ್ಲ.’ ‘ಶೇಂಗಾ ಕೀಳುವ ಹದಿನೈದು ದಿನ ಅರ್ಧ ತರಗತಿ ಖಾಲಿ. ಇವಳು ಬೆಳಿಗ್ಗೆ ಹೊಲಕ್ಕೆ ಹೋಗಿ, ಹತ್ತು ಗಂಟೆಗೆ ಕೈಗೆ ಮಣ್ಣು ಮೆತ್ತಿಕೊಂಡೇ ಬಂದು ಕೂತಳು.’ ಹೀಗೆ ಬರೆದರೆ ಮಗುವಿನ ಮುಖ ಪುಟದಲ್ಲೇ ಕಾಣುತ್ತದೆ.

ತಿಂಗಳ ಕೊನೆಯ ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ ಪುಸ್ತಕ ತಿರುಗಿಸುತ್ತೇನೆ. ಖಾಲಿ ಇರುವ ಪುಟಗಳ ಮೂಲೆ ಮಡಚುತ್ತೇನೆ. ಆ ಮಕ್ಕಳೇ ಮುಂದಿನ ವಾರ ನನ್ನ ಕೆಲಸ. ಈ ಪದ್ಧತಿಯಲ್ಲಿ ಬಹಳ ಮುಖ್ಯವಾದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಖಾಲಿ ಉಳಿಯುವುದು ತುಂಟರ ಪುಟವಲ್ಲ, ಜಾಣರ ಪುಟವೂ ಅಲ್ಲ. ಯಾವ ತೊಂದರೆಯನ್ನೂ ಕೊಡದೆ ನಡುವಿನ ಸಾಲಿನಲ್ಲಿ ಕೂರುವ ಮಕ್ಕಳದು, ಅದರಲ್ಲೂ ಹೆಣ್ಣುಮಕ್ಕಳದು.

2024–25ರಲ್ಲಿ ಐದನೇ ತರಗತಿಯ ಒಬ್ಬಳ ಪುಟ ಅಕ್ಟೋಬರ್ ಮುಗಿದರೂ ಖಾಲಿಯಿತ್ತು. ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಸಾಧಾರಣ ಅಂಕ. ಆಟದಲ್ಲಿ ಹಿಂದೆ, ಮಾತು ಕಮ್ಮಿ. ಮೂಲೆ ಮಡಚಿ ಮಡಚಿ ಆ ಪುಟ ಹರಿಯುವ ಹಾಗಾಗಿತ್ತು. ಒಂದು ದಿನ ಅಡುಗೆ ಕೋಣೆ ಹತ್ತಿರ ನಿಂತು ಬಿಸಿಯೂಟದ ಅಕ್ಕನ ಹತ್ತಿರ ಸುಮ್ಮನೆ ಅವಳ ಹೆಸರು ಎತ್ತಿದೆ. ‘ಅಯ್ಯೋ, ನಿಮ್ಗೆ ಗೊತ್ತಿಲ್ವಾ? ಒಂದ್ನೇ ಕ್ಲಾಸ್ ಮಕ್ಳಿಗೆಲ್ಲ ಮೊಟ್ಟೆ ಸುಲ್ದು ಕೊಟ್ಟೇ ಆ ಹುಡ್ಗಿ ಉಣ್ಣಾಕೆ ಕೂರೋದು’ ಅಂದರು. ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು 2024ರಲ್ಲಿ ಶುರುವಾಗಿತ್ತು. ಅಂದಿನಿಂದಲೂ ಅವಳು ಇದನ್ನು ಮಾಡುತ್ತಿದ್ದಳಂತೆ.

ಮಾರನೇ ದಿನ ಕಂಬದ ಮರೆಯಲ್ಲಿ ನಿಂತು ನೋಡಿದೆ. ಒಂದನೇ ತರಗತಿಯ ಒಂಬತ್ತು ಮಕ್ಕಳು ಸಾಲಾಗಿ ಕೂತಿದ್ದರು. ಅವಳು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಒಂದು ಸಲ ಕುಟ್ಟಿ, ಅಂಗೈ ಕೆಳಗೆ ಮೆಲ್ಲಗೆ ಉರುಳಿಸಿ, ಬುಡದಲ್ಲಿ ಗಾಳಿ ಇರುವ ಕಡೆಯಿಂದ ಹೆಬ್ಬೆರಳು ತೂರಿಸಿ ಸಿಪ್ಪೆ ಬಿಡಿಸುತ್ತಿದ್ದಳು. ಸಿಪ್ಪೆ ಪೊರೆಯ ಸಮೇತ ಪಟ್ಟಿಯಂತೆ ಬಂದುಬಿಡುತ್ತಿತ್ತು. ಮೊಟ್ಟೆ ಕೊಡುವ ಮೊದಲು ಪ್ರತಿ ಮಗುವಿಗೂ ‘ಎಷ್ಟನೇದು?’ ಅಂತ ಕೇಳುತ್ತಿದ್ದಳು. ‘ನಾಕ್ನೇದು’ ಅಂದರೆ ಕೊಡುವುದು, ತಪ್ಪಿದರೆ ಮೊದಲಿನಿಂದ ಎಣಿಸುವುದು. ಒಂದನೇ ತರಗತಿಗೆ ನಲಿ-ಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಮೇಡಮ್ ಎಣಿಕೆಗೆ ಕಾರ್ಡು, ಬೀಜ ಎಲ್ಲ ಬಳಸಿಯೂ ಏಳರ ಮುಂದೆ ಹೋಗದಿದ್ದ ಒಬ್ಬ ಹುಡುಗ ಅವತ್ತು ಒಂಬತ್ತರವರೆಗೂ ಎಣಿಸಿದ. ನಾನು ತರಗತಿಗೆ ಬಂದು ಬರೆದೆ. ಆ ಪುಟದ ಮೊದಲ ಸಾಲು ಅದು. ‘ಕಂಡವರು: ಅಡುಗೆಯ ಅಕ್ಕ, ನಾನು.’

ಅಲ್ಲಿಂದ ಮುಂದೆ ಅಡುಗೆಯವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಕೊನೆಗೆ ಮಕ್ಕಳು ಕೂಡ ಸುದ್ದಿ ತರಲು ಶುರು ಮಾಡಿದರು. 2025ರ ಜನವರಿಯಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ಅವರ ಮಾವನ ಜೊತೆ ಹಿರಿಯೂರಿಗೆ ಹೋಗಿ ನೋಡಿಕೊಂಡು ಬಂದ. ಬಂದವನು ಸುಮ್ಮನೆ ಕೂರಲಿಲ್ಲ. 1933ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ, ಈಗ ಮೂರನೇ ಸಲ ಅಂತ ಕೇಳಿ ತಿಳಿದುಕೊಂಡು ಬಂದು, ನಡುವೆ ಎಷ್ಟು ವರ್ಷ ಅಂತ ಕರಿ ಹಲಗೆಯ ಮೇಲೆ ಕಳೆದು ತೋರಿಸಿದ. ಎಂಬತ್ತೊಂಬತ್ತು ವರ್ಷ! ನಮ್ಮ ಒಣ ಸೀಮೆಯಲ್ಲಿ ಆ ಲೆಕ್ಕಕ್ಕೆ ಬೇರೆಯದೇ ತೂಕವಿದೆ. ತರಗತಿ ಪೂರ್ತಿ ನಿಶ್ಶಬ್ದವಾಗಿತ್ತು.

ಈಗ ನಾನು ಮಾಡಿದ ತಪ್ಪಿನ ವಿಷಯ. ಇಂಥದ್ದನ್ನು ಮಾಡಬೇಕು ಅಂದುಕೊಂಡಿರುವ ಶಿಕ್ಷಕರು ದಯವಿಟ್ಟು ಇದನ್ನು ಓದಬೇಕು.

ಮೊದಲ ವರ್ಷದ ಪತ್ರಿಕೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗನ ಬಗ್ಗೆ ‘ಈ ವರ್ಷ ತೊಡಕಿಲ್ಲದೆ ಓದಲು ಕಲಿತ’ ಅಂತ ಹಾಕಿದೆ. ನನ್ನ ಮಟ್ಟಿಗೆ ಆ ವರ್ಷದ ಅತಿ ದೊಡ್ಡ ಸುದ್ದಿ ಅದು. ಅಣ್ಣಂದಿರ ಜೊತೆ ವರ್ಷಗಟ್ಟಲೆ ಕುರಿ ಹಿಂದೆ ಅಲೆದು, ಶಾಲೆ ತಪ್ಪಿ, ಒತ್ತಕ್ಷರ ಕಂಡರೆ ನಿಂತುಬಿಡುತ್ತಿದ್ದ ಹುಡುಗ. ಮಧ್ಯಾಹ್ನದ ಹೊತ್ತು ನನ್ನ ಪಕ್ಕದಲ್ಲಿ ಕೂತು ದಿನಕ್ಕೆ ಒಂದು ಪುಟದಂತೆ ಓದಿ ಓದಿ, ಮಾರ್ಚ್ ಹೊತ್ತಿಗೆ ದಿನಪತ್ರಿಕೆ ಓದುವ ಮಟ್ಟಕ್ಕೆ ಬಂದಿದ್ದ. ಅವನ ಸುದ್ದಿ ಓದಿದ ಕೂಡಲೇ ಹಿಂದೆ ನಿಂತಿದ್ದ ಹೈಸ್ಕೂಲ್ ಹುಡುಗರು ನಕ್ಕರು. ಅವನು ಎದ್ದು ಗೇಟು ದಾಟಿ ಹೋದ. ಸಂಜೆ ಮನೆಗೆ ಹೋದೆ. ಅವರಮ್ಮ ಬೈಯಲಿಲ್ಲ. ‘ಅವ್ನಿಗೆ ಓದಾಕೆ ಬರ್ತಿರ್ಲಿಲ್ಲ ಅನ್ನೋದು ಊರಿಗೆ ಗೊತ್ತಿರ್ಲಿಲ್ಲ ಟೀಚರಮ್ಮ’ ಅಂದರು, ಅಷ್ಟೇ. ನಾನು ಸಾಧನೆ ಅಂತ ಬರೆದ ಸಾಲಿನೊಳಗೆ ಅವನು ಏಳು ವರ್ಷ ಮುಚ್ಚಿಟ್ಟುಕೊಂಡಿದ್ದ ಗುಟ್ಟೂ ಇತ್ತು. ಅದನ್ನು ಬಿಚ್ಚುವ ಹಕ್ಕು ನನ್ನದಾಗಿರಲಿಲ್ಲ. ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ, ಆದರೆ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಮಾರ್ಚ್‌ನಲ್ಲಿ ಒಂದು ವಾರ ಇದಕ್ಕೇ ಮೀಸಲು. ನಾಯಕನಹಟ್ಟಿ ಜಾತ್ರೆ ಮುಗಿದು ಮಕ್ಕಳು ಶಾಲೆಗೆ ಮರಳಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರ ಪುಟವನ್ನು ಓದಿ ಹೇಳುತ್ತೇನೆ. ‘ಇದರಲ್ಲಿ ಯಾವುದು ಊರಿಗೆ ಗೊತ್ತಾಗಲಿ? ಯಾವುದು ನಮ್ಮಿಬ್ಬರಲ್ಲೇ ಇರಲಿ?’ ಅಂತ ಕೇಳುತ್ತೇನೆ. ಮಕ್ಕಳು ಆರಿಸುವುದು ಬಹಳ ಸಲ ನಾನು ಅಂದುಕೊಂಡದ್ದಲ್ಲ. ಪ್ರತಿಭಾ ಕಾರಂಜಿಯ ಕಂಠಪಾಠದಲ್ಲಿ ಕ್ಲಸ್ಟರ್ ಮಟ್ಟಕ್ಕೆ ಮೊದಲು ಬಂದ ಹುಡುಗಿ ಅದನ್ನು ಬಿಟ್ಟು, ‘ಖೋಖೋದಲ್ಲಿ ಬಿದ್ದು ಮೊಣಕಾಲು ತರಚಿದರೂ ಎದ್ದು ಓಡಿದ್ದು ಹಾಕಿ ಮಿಸ್’ ಅಂದಳು. ಹಾಗೇ ಹಾಕಿದೆ. ಮಗು ಒಪ್ಪಿದ ಸಾಲು ಮಾತ್ರ ಪತ್ರಿಕೆಗೆ ಹೋಗುತ್ತದೆ. ಮನೆಯ ಕಷ್ಟ, ಕಾಯಿಲೆ, ಇವು ಮಗು ಒಪ್ಪಿದರೂ ಹೋಗುವುದಿಲ್ಲ. ಮೊದಲು ಏನೋ ಬರುತ್ತಿರಲಿಲ್ಲ ಅನ್ನುವುದು ಮಗು ತಾನೇ ಆರಿಸಿದರೆ ಮಾತ್ರ ಹೋಗುತ್ತದೆ.

ಪತ್ರಿಕೆ ಮಾಡುವ ಕೆಲಸವನ್ನು ಆರು ಮತ್ತು ಏಳನೇ ತರಗತಿಯವರಿಗೆ ವಹಿಸಿದ್ದೇನೆ. ಕೈಬರಹವೇ ಇರಲಿ ಅಂತ ಪಟ್ಟು ಹಿಡಿದೆ. ಟೈಪ್ ಮಾಡಿಸಿದರೆ ಅಂದ ಬರುತ್ತದೆ, ಆದರೆ ಅದು ಮಕ್ಕಳದ್ದಾಗಿ ಉಳಿಯುವುದಿಲ್ಲ. ಎ3 ಹಾಳೆಯ ಎರಡೂ ಬದಿ ಬರೆದು ನಡುವೆ ಮಡಚಿದರೆ ನಾಲ್ಕು ಪುಟ ಆಗುತ್ತದೆ. ನಮಗೆ ಅಂಥ ಮೂರು ಹಾಳೆ ಬೇಕು. ಕಪ್ಪು ಜೆಲ್ ಪೆನ್ನಿನಲ್ಲೇ ಬರೆಯಬೇಕು. ನೀಲಿ ಶಾಯಿ ಜೆರಾಕ್ಸ್‌ನಲ್ಲಿ ಮಂಕಾಗುತ್ತದೆ, ಪೆನ್ಸಿಲ್ ಚಿತ್ರವಂತೂ ಮಾಯವೇ. ಸುತ್ತ ಒಂದು ಬೆರಳಗಲ ಅಂಚು ಬಿಡಬೇಕು, ಇಲ್ಲದಿದ್ದರೆ ಕೊನೆಯ ಅಕ್ಷರ ಮೆಷಿನ್ ತಿಂದುಹಾಕುತ್ತದೆ. ಮೊದಲ ವರ್ಷ ಹಾಗೆ ತಿಂದದ್ದು ಒಂದು ಮಗುವಿನ ಹೆಸರನ್ನೇ. ಎಲ್ಲ ಪ್ರತಿಗಳಿಗೂ ನಾವು ಕೈಯಲ್ಲೇ ಆ ಹೆಸರು ಬರೆದೆವು.

ಯಾರ ಸುದ್ದಿ ಮೊದಲು ಅನ್ನುವುದು ಸಣ್ಣ ವಿಷಯವಲ್ಲ. ಹಾಜರಿ ಪುಸ್ತಕದ ಕ್ರಮ ಹಿಡಿದರೆ ನಮ್ಮಲ್ಲಿ ಗಂಡುಮಕ್ಕಳೆಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳು. ಅಂಕದ ಕ್ರಮ ಹಿಡಿದರೆ ಮತ್ತೆ ಹಳೇ ಕಥೆ. ಅದಕ್ಕೇ ತಿಂಗಳ ಕ್ರಮ ಇಟ್ಟೆವು. ಜೂನ್‌ನಲ್ಲಿ ನಡೆದದ್ದು ಜೂನ್‌ನಲ್ಲಿ, ಶೇಂಗಾ ಸುಗ್ಗಿಯದು ಸುಗ್ಗಿಯಲ್ಲಿ. ಒಂದನೇ ತರಗತಿಯ ಮಗು ಏಳನೇ ತರಗತಿಯವನ ಪಕ್ಕದಲ್ಲೇ ಬರುತ್ತದೆ. ಓದುತ್ತಾ ಹೋದರೆ ಶಾಲೆಯ ಒಂದು ವರ್ಷ ಕಣ್ಣ ಮುಂದೆ ಹಾದುಹೋಗುತ್ತದೆ.

ದಾನಿಗಳ ಹೆಸರು ಮುಖಪುಟದಲ್ಲಿ, ಫೋಟೋ ಸಮೇತ ಇರಲಿ ಅಂತ ಒತ್ತಾಯ ಬಂತು. ಅವರ ಉಪಕಾರ ದೊಡ್ಡದು, ನೀರಿನ ಸಿಂಟೆಕ್ಸ್ ಅವರು ಕೊಡಿಸಿದ್ದೇ. ಆದರೆ ಮುಖಪುಟ ಮಕ್ಕಳದು. ಕೊನೆಯ ಪುಟದಲ್ಲಿ, ಮಕ್ಕಳ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಸಸಿಗೆ ಗುಂಡಿ ತೋಡಿದವರು, ಮೊಟ್ಟೆ ಬೇಯಿಸಿದವರು, ಸಿಂಟೆಕ್ಸ್ ಕೊಟ್ಟವರು ಎಲ್ಲರೂ ಒಟ್ಟಿಗೆ ಇದ್ದಾರೆ. ಅಡುಗೆಯ ಅಕ್ಕ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ‘ಇಷ್ಟು ವರ್ಸದಾಗೆ ಇದೇ ಮೊದ್ಲು’ ಅಂದರು.

ಮುಖ್ಯ ಶಿಕ್ಷಕರಿಗೆ ಒಂದು ಅಳುಕಿತ್ತು. ‘ಎಲ್ಲರಿಗೂ ಸುದ್ದಿ ಅಂದ್ರೆ ಓದೋ ಮಕ್ಕಳಿಗೆ ಬೆಲೆ ಕಮ್ಮಿ ಆಗಲ್ವಾ?’ ನ್ಯಾಯವಾದ ಪ್ರಶ್ನೆ. ಮೊದಲು ಬಂದ ಮಕ್ಕಳ ತಟ್ಟೆಯನ್ನು ನಾವು ನಿಲ್ಲಿಸಲಿಲ್ಲ. ಆದರೆ ಅವರ ಸುದ್ದಿಯಲ್ಲೂ ಅಂಕ ಹಾಕಲಿಲ್ಲ, ದುಡಿಮೆಯನ್ನು ಹಾಕಿದೆವು. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಾದ ಹುಡುಗಿ ಭಿನ್ನರಾಶಿ ತಿಳಿಯದೆ ಅತ್ತದ್ದು, ರೊಟ್ಟಿ ಮುರಿದು ಅವರಜ್ಜಿ ವಿವರಿಸಿದ್ದು, ಅವಳೇ ಆರಿಸಿ ಬರೆಸಿದ ಸಾಲು. ಅದನ್ನು ಕೇಳಿ ಬೇರೆ ಮಕ್ಕಳ ಮುಖದಲ್ಲಿ ‘ಅವಳಿಗೂ ಬರ್ತಿರ್ಲಿಲ್ವಾ’ ಅನ್ನುವ ಬೆಳಕು ಕಂಡೆ.

ಓದುವ ದಿನದ ಹೊತ್ತನ್ನೂ ಬದಲಿಸಿದೆವು. ಹನ್ನೊಂದು ಗಂಟೆಗೆ ಕರೆದ ವರ್ಷ ಬಂದವರು ಹದಿನಾಲ್ಕು ಜನ. ಬಿಸಿಲು, ಮೇಲೆ ಕೂಲಿ. ಬೆಳಿಗ್ಗೆ ಏಳೂವರೆಗೆ ಬೇವಿನ ಮರದಡಿ ಚಾಪೆ ಹಾಸಿದಾಗ ಕೆಲಸಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಬಂದರು. ಅಪ್ಪ ಅಮ್ಮ ಇಬ್ಬರೂ ಬಂದ ಮನೆಗಳೇ ಹೆಚ್ಚು. ಭಾಷಣ ಬೇಡ ಅಂತ ಮೊದಲೇ ಗಟ್ಟಿಯಾಗಿ ಹೇಳಿಕೊಂಡಿದ್ದೆವು. ತೊಂಬತ್ನಾಲ್ಕು ಸುದ್ದಿ ಓದಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಯಾರೂ ತಮ್ಮ ಸುದ್ದಿಯನ್ನು ತಾವೇ ಓದುವುದಿಲ್ಲ. ಇನ್ನೊಬ್ಬರದನ್ನು ಓದುತ್ತಾರೆ, ಸುದ್ದಿಯ ಮಗು ಎದ್ದು ನಿಲ್ಲುತ್ತದೆ.

ಮೊಟ್ಟೆಯ ಸುದ್ದಿಯನ್ನು ಓದಿದ್ದು ಒಂದನೇ ತರಗತಿಯಲ್ಲಿ ಒಂಬತ್ತರವರೆಗೆ ಎಣಿಸಿದ ಆ ಹುಡುಗನ ಅಕ್ಕ. ಮೊಟ್ಟೆ ಸುಲಿಯುವ ಹುಡುಗಿ ಎದ್ದು ನಿಂತು ಲಂಗದ ಅಂಚು ಹಿಡಿದುಕೊಂಡಿದ್ದಳು. ಅವಳ ಜೊತೆ ಬಂದಿದ್ದದ್ದು ಅಜ್ಜಿ ಒಬ್ಬರೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಪತ್ರಿಕೆಯ ಕನ್ನಡ ಅಜ್ಜಿಗೆ ಪೂರ್ತಿ ಹಿಡಿಯಲಿಲ್ಲ. ಎಲ್ಲರೂ ತಮ್ಮ ಮೊಮ್ಮಗಳ ಕಡೆ ನೋಡುವುದನ್ನು ಕಂಡು ಗಾಬರಿಯಾಗಿ ‘ಇದಿ ಮಾ ಪಿಲ್ಲೇನಾ?’ (ಇದು ನಮ್ಮ ಹುಡುಗಿನಾ?) ಅಂದರು. ಓದುತ್ತಿದ್ದ ಹುಡುಗಿ ಹಾಳೆ ಕೆಳಗಿಟ್ಟು, ಅಜ್ಜಿಯ ಕಡೆ ತಿರುಗಿ, ಮೊದಲಿನಿಂದ ಕೊನೆಯವರೆಗೆ ತೆಲುಗಿನಲ್ಲಿ ಹೇಳಿದಳು. ‘ಎಷ್ಟನೇದು’ ಅಂತ ಕೇಳುವುದನ್ನೂ, ಸಿಪ್ಪೆ ಬಿಡಿಸುವುದನ್ನೂ ಕೈಯಲ್ಲೇ ಮಾಡಿ ತೋರಿಸಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಹೋಗಿ ಮೊಮ್ಮಗಳ ಎರಡೂ ಕೈ ಹಿಡಿದು ಬೆರಳುಗಳನ್ನು ನೋಡಿದರು. ಈ ವರ್ಷದಿಂದ ತೆಲುಗಿನಲ್ಲಿ ಹೇಳುವುದಕ್ಕೇ ಇಬ್ಬರು ಮಕ್ಕಳನ್ನು ಗೊತ್ತು ಮಾಡಿದ್ದೇವೆ.

ಖರ್ಚು ಪೂರ್ತಿ ಜೆರಾಕ್ಸಿನದೇ. ಚಳ್ಳಕೆರೆಯಲ್ಲಿ ನೂರಹತ್ತು ಪ್ರತಿ ಮಾಡಿಸಿದೆವು, ಶಿಕ್ಷಕರೆಲ್ಲ ಸೇರಿ ಹಂಚಿಕೊಂಡೆವು. ಮನೆಗೊಂದು ಹೋದ ಮೇಲೆ ಉಳಿದವುಗಳಲ್ಲಿ ಎರಡು ಶಾಲೆಯ ಬೀರುವಿಗೆ, ಒಂದು ಅಡುಗೆ ಕೋಣೆಗೆ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೆಲಸಕ್ಕೆ ಚಿಕ್ಕಮಗಳೂರು ಕಡೆ ಹೋದ ಮೂರನೇ ತರಗತಿಯ ಹುಡುಗ ಅಷ್ಟರೊಳಗೆ ವಾಪಸ್ ಬಂದಿರಲಿಲ್ಲ. ಅವನ ಸುದ್ದಿ ಆಗಸ್ಟ್ ತಿಂಗಳಲ್ಲಿದೆ: ತಲೆಕೆಳಗಾಗಿ ಬಿದ್ದಿದ್ದ ಜೀರುಂಡೆಯನ್ನು ಕಡ್ಡಿಯಿಂದ ತಿರುಗಿಸಿ, ಅದು ಹಾರುವವರೆಗೂ ಕಾದು, ತರಗತಿಗೆ ತಡವಾಗಿ ಬಂದದ್ದು. ಹೋಗುವ ಮುಂಚೆಯೇ ಅವನು ‘ಇದನ್ನೇ ಹಾಕಿ ಮಿಸ್’ ಅಂದಿದ್ದ. ಅವನ ಹೆಸರು ಕರೆದಾಗ ಅವನ ಜಾಗದಲ್ಲಿ ಅವನ ಚಿಕ್ಕಪ್ಪ ಎದ್ದು ನಿಂತರು. ಪ್ರತಿಯನ್ನು ಅವರ ಕೈಗೇ ಕೊಟ್ಟೆ. ಮಡಚಿ ಅಂಗಿ ಜೇಬಿಗೆ ಇಟ್ಟುಕೊಳ್ಳುತ್ತಾ, ಭಾನುವಾರ ತೋಟಕ್ಕೆ ಹೋಗುವ ಲಾರಿ ಇದೆ, ಕಳಿಸ್ತೀನಿ ಅಂದರು.