ಸೋಡಾ ಬೆರೆಸಿ ಸಕ್ಕರೆ ಪಾನೀಯ ಬಿಡಿಸಿದ ನನ್ನ ಅನುಭವ

ಸಕ್ಕರೆಯ ತಂಪು ಪಾನೀಯವನ್ನು ನಾಳೆಯಿಂದಲೇ ನಿಲ್ಲಿಸಿ ಎಂದು ಹೇಳುವುದನ್ನು ನಾನು ಬಿಟ್ಟು ಐದಾರು ವರ್ಷಗಳಾಗಿರಬೇಕು. ಈಗ ಆಹಾರ ಸಲಹೆಗೆ ಬರುವವರಿಗೆ, ಅದೇ ಪಾನೀಯಕ್ಕೆ ತಣ್ಣನೆಯ ಸಾದಾ ಸೋಡಾ ಬೆರೆಸಿ, ಎರಡು ವಾರಕ್ಕೊಮ್ಮೆ ಪಾನೀಯದ ಪಾಲನ್ನು ಇಳಿಸುತ್ತ ಬರುವಂತೆ ಹೇಳುತ್ತೇನೆ. ಈ ಕ್ರಮವನ್ನು ಮೊದಲು ಮುಂದಿಟ್ಟಾಗ, ಹೆಂಡಕ್ಕೆ ನೀರು ಬೆರೆಸಿ ಕುಡಿತ ಬಿಡಿಸಲು ಹೊರಟಿದ್ದೀರಿ ಎಂದು ನಕ್ಕ ಸಹೋದ್ಯೋಗಿಗಳೇ ಹೆಚ್ಚು. ಅವರಲ್ಲಿ ಇಬ್ಬರು ಮೂವರು ಇಂದು ತಮ್ಮ ಮಾತಿಗೆ ಬಗ್ಗದವರನ್ನು ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ ಇದನ್ನು ಬರೆದಿಡುವ ಧೈರ್ಯ ಬಂದಿದೆ.

ಮೊದಲು ನಾನು ನಂಬಿದ್ದು ಅಂಕಿಗಳನ್ನು. 330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟೊಂಬತ್ತು ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಸಾಧ್ಯವಾದರೆ ಇಡೀ ದಿನಕ್ಕೆ 25 ಗ್ರಾಂ ಒಳಗೇ ಇರಲಿ ಎಂದು ಹೇಳಿತ್ತು. ಇದನ್ನೆಲ್ಲ ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದೆ. ಅಚ್ಚಿನ ಖರ್ಚಿನಲ್ಲಿ ಕೊಠಡಿಯ ಒಂದು ತಿಂಗಳ ಬಾಡಿಗೆ ಕಟ್ಟಬಹುದಿತ್ತು. ಹಾಳೆಗಳು ಫೈಲಿನೊಳಗೆ ಸೇರಿದವು, ಪಾನೀಯ ಎಂದಿನಂತೆ ಹೊಟ್ಟೆಗೆ ಸೇರಿತು. ಕಣ್ಣಿಗೆ ಕಂಡರೆ ನಾಟೀತೆಂದು ಒಂದು ಬಾಟಲಿಯನ್ನು ಬಾಣಲೆಯಲ್ಲಿ ಕುದಿಸಿ ಇಂಗಿಸಿ ತೋರಿಸುವುದನ್ನೂ ಮಾಡಿದೆ. ನೀರು ಹೋದ ಮೇಲೆ ತಳದಲ್ಲಿ ಉಳಿಯುವುದು ಚಮಚ ಎತ್ತಿದರೆ ಎಳೆಯಾಗಿ ಇಳಿಯುವ ಕಪ್ಪು ಪಾಕ. ನೋಡಿದವರು ಬೆರಗಾಗುತ್ತಿದ್ದರು, ಮುಂದಿನ ವಾರ ಮತ್ತೆ ಕುಡಿದು ಬರುತ್ತಿದ್ದರು. ಬಾಣಲೆ ತಿಕ್ಕುವ ಕೆಲಸ ಮಾತ್ರ ನನಗೆ ಉಳಿಯಿತು.

ಆಮೇಲೆ ಕೃತಕ ಸಿಹಿಯ ಪಾನೀಯಗಳಿಗೆ ಬದಲಾಯಿಸಿ ನೋಡಿದೆ. ಇದು ತೀರ ನಿಷ್ಪ್ರಯೋಜಕ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಕೆಲವರ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ನಿಜವಾಗಿಯೂ ಇಳಿಯಿತು. ಆದರೆ ಸಿಹಿಯ ಚಪಲ ಇದ್ದಲ್ಲೇ ಇತ್ತು, ಅದು ತಿಂಡಿಯ ಕಡೆಗೆ ತಿರುಗಿತು. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೂಚಿಸಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಎಲ್ಲಕ್ಕಿಂತ ದುಬಾರಿಯಾಗಿ ಬಿದ್ದದ್ದು ಒಮ್ಮೆಲೇ ನಿಲ್ಲಿಸುವ ಕ್ರಮ. ಮೊದಲ ಭೇಟಿಯಲ್ಲಿ ಉತ್ಸಾಹದಿಂದ ಒಪ್ಪಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ಭೇಟಿಗೆ ಬರುತ್ತಲೇ ಇರಲಿಲ್ಲ. ನಮ್ಮ ವೃತ್ತಿಯಲ್ಲಿ ಎರಡನೆಯ ಭೇಟಿ ಇಲ್ಲವೆಂದರೆ ವರಮಾನವೂ ಇಲ್ಲ, ಫಲಿತಾಂಶವೂ ಇಲ್ಲ. ಫೋನ್ ಮಾಡಿ ವಿಚಾರಿಸಿದಾಗ ಹೆಚ್ಚಿನವರು ಹೇಳಿದ್ದು ಒಂದೇ ದೂರು: ಎರಡನೆಯ ದಿನ ತಲೆ ಸಿಡಿಯಿತು, ಕೆಲಸ ಮಾಡಲಾಗಲಿಲ್ಲ, ಒಂದು ಬಾಟಲಿ ಕುಡಿದ ಮೇಲೆ ಸರಿಹೋಯಿತು. ಇದು ಸಕ್ಕರೆಯ ಕಥೆಯಲ್ಲ, ಕೆಫೀನಿನ ಕಥೆ. ಒಂದು ಕ್ಯಾನ್ ಕೋಲಾದಲ್ಲಿ 30 ಮಿಲಿಗ್ರಾಂ ಚಿಲ್ಲರೆ ಕೆಫೀನ್ ಇರುತ್ತದೆ. ದಿನಕ್ಕೆ ಒಂದು ಲೀಟರ್ ಕುಡಿಯುವವರಿಗೆ ಅದು 100ರ ಹತ್ತಿರ ಬರುತ್ತದೆ. ಅದನ್ನು ಹಠಾತ್ತನೆ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಶುರುವಾಗಿ, ಎರಡನೆಯ ದಿನದ ಹೊತ್ತಿಗೆ ವಿಪರೀತಕ್ಕೇರುವುದು ಸಹಜ. ನಾವು ಸಕ್ಕರೆಯ ಬಗ್ಗೆ ಭಾಷಣ ಮಾಡುತ್ತಿರುವಾಗ ಅವರನ್ನು ಬಾಟಲಿಗೆ ಮರಳಿಸುತ್ತಿದ್ದುದು ಈ ತಲೆನೋವು.

ಸೋಡಾ ಬೆರೆಸುವ ಯೋಚನೆ ಇಲ್ಲಿಂದ ಬಂದಿತು. ಒಟ್ಟು ಅಳತೆಯನ್ನು ಬದಲಾಯಿಸಬಾರದು, ತಂಪು ಮತ್ತು ಗುಳ್ಳೆ ಎರಡೂ ಇರಬೇಕು, ಸಕ್ಕರೆಯೂ ಕೆಫೀನೂ ಜೊತೆಜೊತೆಯಾಗಿ ಇಳಿಯಬೇಕು. ದಿನಕ್ಕೆ ಒಂದು ಲೀಟರ್ ಕುಡಿಯುವವರಿಗೆ ಸುಮಾರು 106 ಗ್ರಾಂ ಸಕ್ಕರೆ ಸೇರುತ್ತದೆ, ತಿಂಗಳಿಗೆ ಮೂರು ಕಿಲೋ ಮೀರುತ್ತದೆ. ಮೊದಲ ಎರಡು ವಾರ ಮುಕ್ಕಾಲು ಪಾಲು ಪಾನೀಯ, ಕಾಲು ಪಾಲು ಸೋಡಾ. ಸಕ್ಕರೆ 80 ಗ್ರಾಮಿಗೆ ಬರುತ್ತದೆ. ಬಳಿಕ ಅರ್ಧಕ್ಕರ್ಧ, ಆಮೇಲೆ ಕಾಲು ಪಾಲು. ಅಲ್ಲಿಗೆ 26 ಗ್ರಾಂ ಉಳಿಯುತ್ತದೆ. ಕಾಲು ಪಾಲಿನಿಂದ ಬರಿಯ ಸೋಡಾಕ್ಕೆ ದಾಟಿಸುವುದೇ ಕಷ್ಟದ ಘಟ್ಟ. ಅಲ್ಲಿ ನಾನು ಸೋಡಾಕ್ಕೆ ಸೇರಿಸಿಕೊಳ್ಳಲು ಹೇಳುವ ಒಂದು ವಸ್ತು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೀವನವೂ ನಡೆಯಬೇಕಲ್ಲ.

ಇದಕ್ಕೆ ಮುನ್ನ ಎಲ್ಲರಿಂದಲೂ ಒಂದು ಕೆಲಸ ಮಾಡಿಸುತ್ತೇನೆ. ಅವರ ಇಷ್ಟದ ಪಾನೀಯವನ್ನು ರಾತ್ರಿಯಿಡೀ ತೆರೆದಿಟ್ಟು, ಗುಳ್ಳೆಯೆಲ್ಲ ಹೋಗಿ ತಂಪು ಇಳಿದ ಮೇಲೆ ಒಂದು ಗುಟುಕು ಕುಡಿಯಬೇಕು. ತಂಪು, ಗುಳ್ಳೆ ಎರಡೂ ಸಿಹಿಯನ್ನು ಮುಚ್ಚಿಡುತ್ತವೆಯಾದ್ದರಿಂದ, ಅವು ಹೋದ ಕೂಡಲೇ ಅದು ಬರಿಯ ಸಕ್ಕರೆ ಪಾಕವಾಗಿ ನಾಲಿಗೆಗೆ ಹತ್ತುತ್ತದೆ. ನನ್ನ ಬಣ್ಣದ ಹಾಳೆ ಮಾಡದಿದ್ದ ಕೆಲಸವನ್ನು ಈ ಒಂದು ಗುಟುಕು ಮಾಡುತ್ತದೆ.

ಆದರೂ ಮೊದಮೊದಲು ಫಲಿತಾಂಶ ಏರುಪೇರಾಗಿತ್ತು, ಅರ್ಧಕ್ಕರ್ಧ ಬೆರೆಸುತ್ತಿದ್ದೇವೆ ಎನ್ನುವವರ ತೂಕ ಕದಲುತ್ತಿರಲಿಲ್ಲ. ಆಗ ಒಂದು ವಾರದ ವರಮಾನ ಸುರಿದು ದ್ರವದಲ್ಲಿನ ಸಕ್ಕರೆ ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಕೊಂಡೆ, ಮನೆಯಲ್ಲಿ ಬೆರೆಸಿದ್ದನ್ನೇ ಸಣ್ಣ ಸೀಸೆಯಲ್ಲಿ ತನ್ನಿ ಎಂದೆ. ಗುಳ್ಳೆ ಹೋಗುವಂತೆ ಚೆನ್ನಾಗಿ ಕುಲುಕಿ ಎರಡು ಹನಿ ಇಟ್ಟು ನೋಡಿದರೆ, 5ರ ಆಸುಪಾಸು ತೋರಿಸಬೇಕಾದ ಬ್ರಿಕ್ಸ್ (ನೂರು ಗ್ರಾಂ ದ್ರವದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಎಂಬ ಅಳತೆ) 7, 8 ತೋರಿಸುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಪಾನೀಯವನ್ನು ಮೊದಲು ಸುರಿದಾಗ ನೊರೆಯೇ ಲೋಟ ತುಂಬುತ್ತದೆ, ಅದು ಇಳಿಯುವವರೆಗೆ ಕಾಯಲಾರದೆ ಇನ್ನಷ್ಟು ಸುರಿಯುತ್ತಾರೆ, ಕೊನೆಗೆ ಸೋಡಾಕ್ಕೆ ಜಾಗವೇ ಇರುವುದಿಲ್ಲ. ಸೋಡಾವನ್ನು ಮೊದಲು, ಲೋಟದ ಮೇಲೆ ಎಳೆದ ಗೆರೆಯವರೆಗೆ ಹಾಕಬೇಕೆಂಬ ನಿಯಮ ಮಾಡಿದ ಮೇಲೆ ಅಂಕಿಗಳು ಸರಿದಾರಿಗೆ ಬಂದವು.

ಇದರ ನಡುವೆ ಗ್ಲೂಕೋಮೀಟರ್ ಹಿಡಿದು ನನ್ನ ಮೇಲೂ ಪ್ರಯೋಗ ಮಾಡಿಕೊಂಡೆ. ಬರಿ ಹೊಟ್ಟೆಯಲ್ಲಿ 90ರ ಹತ್ತಿರವಿದ್ದದ್ದು, ಒಂದು ಕ್ಯಾನ್ ಕುಡಿದ ಅರ್ಧ ಗಂಟೆಗೆ 150 ದಾಟಿತು. ಅರ್ಧಕ್ಕರ್ಧ ಮಿಶ್ರಣಕ್ಕೆ 125ರ ಸುಮಾರಿಗೆ ನಿಂತಿತು. ಈ ಪ್ರಯೋಗವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ಗ್ಲೂಕೋಮೀಟರಿಗೆ ಕಾಣಿಸದೆ ನೇರವಾಗಿ ಯಕೃತ್ತಿಗೆ ಹೋಗಿ, ಹೆಚ್ಚಾದಾಗ ಕೊಬ್ಬಾಗಿ ಮಾರ್ಪಡುತ್ತದೆ, ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಮೀಟರಿನ ಅಂಕಿ ಸೌಮ್ಯವಾಗಿ ಕಂಡರೆ ಜನ ನಿರಾಳರಾಗುತ್ತಾರೆ, ಅದೇ ಅಪಾಯ. ಆದ್ದರಿಂದ ನಾನು ಟ್ರೈಗ್ಲಿಸರೈಡ್ ಪರೀಕ್ಷೆಗೇ ಖರ್ಚು ಮಾಡಿಸುತ್ತೇನೆ. ಪಾನೀಯ ಮುಕ್ಕಾಲು ಪಾಲು ಕಡಿಮೆಯಾದಾಗ ಉಳಿಯುವ ಹಣದಲ್ಲಿ ಆ ಪರೀಕ್ಷೆಯ ಶುಲ್ಕ ಸಲೀಸಾಗಿ ಹೊರಡುತ್ತದೆ. ರಾತ್ರಿ ಪಾಳಿಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಕುಡಿಯುತ್ತಿದ್ದ ಒಬ್ಬರ ಟ್ರೈಗ್ಲಿಸರೈಡ್ 380ರ ಆಸುಪಾಸಿನಿಂದ ಮೂರು ತಿಂಗಳಲ್ಲಿ 210ಕ್ಕೆ ಬಂದಿತು, ತೂಕ ನಾಲ್ಕೈದು ಕಿಲೋ ಇಳಿಯಿತು. ಊಟದಲ್ಲಿ ಅವರು ಏನನ್ನೂ ಬದಲಾಯಿಸಿರಲಿಲ್ಲ. ದ್ರವವಾಗಿ ಒಳಹೋದ ಕ್ಯಾಲೊರಿಯನ್ನು ಹೊಟ್ಟೆ ಲೆಕ್ಕಕ್ಕೆ ಹಿಡಿಯುವುದು ಕಡಿಮೆಯಾದ್ದರಿಂದ, ಅದನ್ನು ತೆಗೆದಾಗಲೂ ಹಸಿವು ಅಷ್ಟಾಗಿ ಹೆಚ್ಚುವುದಿಲ್ಲ ಎಂಬುದೇ ಈ ಕೆಲಸದ ದೊಡ್ಡ ಅನುಕೂಲ.

ಹಲ್ಲಿನ ವಿಷಯದಲ್ಲಿ ಈ ಕ್ರಮ ನಡುಘಟ್ಟದಲ್ಲಿ ಏನೂ ಕೊಡುವುದಿಲ್ಲ. ಕೋಲಾದ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 2.5, ನಾಲ್ಕು ಪಟ್ಟು ತೆಳುವಾಗಿಸಿದರೂ ಹಲ್ಲಿನ ಹೊರಪದರವಾದ ಎನಾಮಲ್ ಕರಗಲು ಶುರುವಾಗುವ 5.5ಕ್ಕಿಂತ ಬಹಳ ಕೆಳಗೇ ಉಳಿಯುತ್ತದೆ. ಅದಕ್ಕಾಗಿ ಮಿಶ್ರಣವನ್ನು ದಿನವಿಡೀ ಚಪ್ಪರಿಸದೆ ಊಟದ ಜೊತೆಗೆ ಮುಗಿಸಿ, ಕೂಡಲೇ ಹಲ್ಲುಜ್ಜದೆ ಬಾಯಿ ಮುಕ್ಕಳಿಸಿ ಎಂದು ಹೇಳುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಅವರ ವೈದ್ಯರೊಂದಿಗೆ ಮಾತನಾಡದೆ ಈ ಇಳಿಕೆಗೆ ಹಚ್ಚುವುದಿಲ್ಲ. ದಿನಕ್ಕೆ 80 ಗ್ರಾಂ ಸಕ್ಕರೆ ತಪ್ಪಿದ ಮೇಲೂ ಔಷಧದ ಪ್ರಮಾಣ ಹಳೆಯದೇ ಇದ್ದರೆ ರಕ್ತದ ಸಕ್ಕರೆ ಕುಸಿಯಬಹುದು.

ಕಾಲು ಪಾಲಿನಲ್ಲೇ ನಿಂತುಬಿಟ್ಟವರು ಐದರಲ್ಲಿ ಒಬ್ಬರಷ್ಟು ಇದ್ದಾರೆ. ಅವರನ್ನು ನಾನು ತಳ್ಳುವುದಿಲ್ಲ, ಆರು ತಿಂಗಳಿಗೊಮ್ಮೆ ಸೀಸೆ ತರಿಸಿ ಅಳೆಯುತ್ತೇನೆ. ಬ್ರಿಕ್ಸ್ 3 ದಾಟಿದ್ದರೆ ಮಾತ್ರ ಗೆರೆ ಎಳೆದ ಲೋಟವನ್ನು ಮತ್ತೆ ಕೈಗೆ ಕೊಟ್ಟು ಕಳುಹಿಸುತ್ತೇನೆ.